ಕೆಡಿಎಂ ಹೊಗೆ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್: ಸಂಶಯದ ಲಾಭ ಯಾರಿಗೆ ಸಿಗಬೇಕು?

‘ಕೆಡಿಎಂ’ ಅನ್ನೋ ಮಾತು ಕೇಳದ ಮನೆ ಕರ್ನಾಟಕದಲ್ಲಿ ಕಡಿಮೆ. ಮದುವೆಗೆ ಸರ ಕೊಳ್ಳುವಾಗ, ಗಿರವಿ ಅಂಗಡಿಯಲ್ಲಿ ಬಳೆ ಇಡುವಾಗ, ‘ಇದು ಕೆಡಿಎಂ, ಒಳ್ಳೇ ಮಾಲು’ ಅಂತ ಹೇಳೋದನ್ನ ನಾವೆಲ್ಲ ಕೇಳಿದ್ದೇವೆ. ಆದರೆ ಕೆಡಿಎಂ ಅನ್ನೋದು ಚಿನ್ನದ ಒಂದು ಜಾತಿಯಲ್ಲ. ಕ್ಯಾಡ್ಮಿಯಂ ಎಂಬ ಲೋಹದ ಹೆಸರು ಬಾಯಿಂದ ಬಾಯಿಗೆ ಸವೆದು ಉಳಿದ ಮೂರಕ್ಷರ ಅದು.

ಒಡವೆಯ ತುಂಡುಗಳನ್ನು ಜೋಡಿಸೋಕೆ ಬೆಸುಗೆ ಬೇಕು. ಹಿಂದೆ ಅದಕ್ಕೆ ತಾಮ್ರ ಬೆರೆಸಿದ ಚಿನ್ನ ಬಳಸುತ್ತಿದ್ದರು. ತಾಮ್ರ ಒಡವೆಯಲ್ಲೇ ಉಳಿಯುವುದರಿಂದ, ಕರಗಿಸಿದಾಗ ಚಿನ್ನದ ಶುದ್ಧತೆ ಕಡಿಮೆ ಬರುತ್ತಿತ್ತು. ಕ್ಯಾಡ್ಮಿಯಂ ಹಾಗಲ್ಲ. ಅದು 321 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, 767 ಡಿಗ್ರಿಗೆ ಕುದಿದು ಆವಿಯಾಗುತ್ತೆ. ಚಿನ್ನ ಕರಗೋದೇ 1,064 ಡಿಗ್ರಿಗೆ. ಅಂದರೆ ಬೆಸುಗೆಯ ಬೆಂಕಿಯಲ್ಲಿ ಕ್ಯಾಡ್ಮಿಯಂನ ಬಹುಪಾಲು ಹಾರಿಹೋಗುತ್ತೆ, ಚಿನ್ನ ಚಿನ್ನವಾಗಿಯೇ ಉಳಿಯುತ್ತೆ. ಗಿರಾಕಿಗೆ ಲಾಭ ಅದೇ. ಹಾರಿಹೋದದ್ದು ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ. ಊದುಕೊಳವೆ ಹಿಡಿದು ಬಗ್ಗಿ ಕೂತವನ ಎದೆಯೊಳಗೆ ಹೋಯಿತು.

ಕಾರ್ಮಿಕರ ಆರೋಗ್ಯದ ಬಗ್ಗೆ ಓದಿ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ಇಂಥ ಲೋಹಗಳ ಜೊತೆ ದಶಕಗಟ್ಟಲೆ ಕೆಲಸ ಮಾಡಿದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಾ? ವಿಜ್ಞಾನದ ಪ್ರಾಮಾಣಿಕ ಉತ್ತರ: ‘ಇರಬಹುದು, ಆದರೆ ಸಾಬೀತಾಗಿಲ್ಲ’. ಈ ಉತ್ತರ ಹೇಗೆ ಬಂತು, ಮತ್ತು ‘ಸಾಬೀತಾಗಿಲ್ಲ’ ಅನ್ನೋ ಮಾತು ಯಾರ ಕೈಯಲ್ಲಿ ಆಯುಧವಾಗುತ್ತೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ಬಿಡಿಸಿಡುತ್ತೇನೆ.

ಯಾವ ಲೋಹ, ಯಾವ ಕೆಲಸ?

ಭಾರ ಲೋಹಗಳು ಅಂತ ಒಟ್ಟಾಗಿ ಹೇಳಿದರೂ ಎಲ್ಲವೂ ಒಂದೇ ರೀತಿಯ ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) ಕ್ಯಾನ್ಸರ್‌ಕಾರಕಗಳನ್ನು ಪುರಾವೆಯ ಬಲದ ಮೇಲೆ ವರ್ಗೀಕರಿಸುತ್ತೆ. ಕ್ಯಾಡ್ಮಿಯಂ, ಆರ್ಸೆನಿಕ್, ಹೆಕ್ಸಾವೇಲೆಂಟ್ ಕ್ರೋಮಿಯಂ ಮತ್ತು ನಿಕಲ್ ಸಂಯುಕ್ತಗಳು ಮೊದಲ ಗುಂಪಿನಲ್ಲಿವೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಅನ್ನೋದು ಖಚಿತವಾದವುಗಳ ಗುಂಪು ಅದು. ಸೀಸದ ಅಜೈವಿಕ ಸಂಯುಕ್ತಗಳು ಒಂದು ಮೆಟ್ಟಿಲು ಕೆಳಗೆ, ‘ತರುವ ಸಂಭವ ಹೆಚ್ಚು’ ಅನ್ನೋ ಗುಂಪಿನಲ್ಲಿವೆ.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲ ಗುಂಪಿನಲ್ಲಿದೆ ಅಂದ ತಕ್ಷಣ ಎಲ್ಲ ಅಂಗಗಳಿಗೂ ಕ್ಯಾನ್ಸರ್ ತರುತ್ತೆ ಅಂತಲ್ಲ. ಕ್ಯಾಡ್ಮಿಯಂ ವಿಷಯದಲ್ಲಿ ಖಚಿತವಾಗಿರೋದು ಶ್ವಾಸಕೋಶದ ಕ್ಯಾನ್ಸರ್. ಪ್ರಾಸ್ಟೇಟ್ ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗೆ ಸಂಬಂಧ ಕಂಡುಬಂದಿದೆ, ಆದರೆ ಪುರಾವೆ ‘ಸೀಮಿತ’ ಅನ್ನುತ್ತೆ ಐಎಆರ್‌ಸಿ. ಆರ್ಸೆನಿಕ್‌ಗೂ ಪ್ರಾಸ್ಟೇಟ್ ಮಟ್ಟಿಗೆ ಇದೇ ಪಟ್ಟ. ಕ್ರೋಮಿಯಂ ಮುಖ್ಯವಾಗಿ ಶ್ವಾಸಕೋಶದ ಶತ್ರು.

ಕ್ಯಾಡ್ಮಿಯಂ ಸಿಗೋದು ಎಲ್ಲಿ? ಸತುವಿನ ಅದಿರು ಕರಗಿಸುವಾಗ ಅದು ಉಪ ಉತ್ಪನ್ನವಾಗಿ ಬರುತ್ತೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ತಯಾರಿಕೆ, ಅವುಗಳನ್ನು ಒಡೆದು ಲೋಹ ತೆಗೆಯುವ ಕೆಲಸ, ಹಳದಿ-ಕೆಂಪು ಬಣ್ಣದ ಪಿಗ್ಮೆಂಟ್‌ಗಳು, ವಿಮಾನದ ಬಿಡಿಭಾಗಗಳ ಮೇಲೆ ತುಕ್ಕು ಹಿಡಿಯದಂತೆ ಕೊಡುವ ಲೇಪನ, ಬೆಳ್ಳಿ-ಚಿನ್ನದ ಬೆಸುಗೆ. ಇಂಥ ಲೇಪನವಿರುವ ತುಂಡನ್ನು ಗೊತ್ತಿಲ್ಲದೆ ವೆಲ್ಡಿಂಗ್ ಮಾಡುವವರೂ ಈ ಸಾಲಿಗೆ ಸೇರುತ್ತಾರೆ. ಬೆಂಗಳೂರಿನ ಪೀಣ್ಯದ ಲೇಪನ ಘಟಕಗಳು, ನಗರ್ತಪೇಟೆಯ ಮಹಡಿ ಕೋಣೆಗಳಲ್ಲಿ ಬಂಗಾಳದಿಂದ ಬಂದ ಹುಡುಗರು ಕೂತು ಒಡವೆ ಮಾಡುವ ಜಾಗಗಳು, ಗುಜರಿಯಲ್ಲಿ ಎಲೆಕ್ಟ್ರಾನಿಕ್ಸ್ ಒಡೆಯುವ ಶೆಡ್‌ಗಳು: ಲೋಹದ ಹೊಗೆಯ ಪ್ರಶ್ನೆ ಕೇಳಬೇಕಾದ ಜಾಗಗಳು ಇವು.

ಪ್ರಾಸ್ಟೇಟ್‌ಗೂ ಲೋಹಕ್ಕೂ ಏನು ನಂಟು?

ಪ್ರಾಸ್ಟೇಟ್ ಅನ್ನೋದು ಗಂಡಸರ ಮೂತ್ರಕೋಶದ ಕೆಳಗೆ ಇರುವ, ವೀರ್ಯದ ದ್ರವ ತಯಾರಿಸುವ ಪುಟ್ಟ ಗ್ರಂಥಿ. ದೇಹದ ಮೃದು ಅಂಗಾಂಶಗಳಲ್ಲೆಲ್ಲ ಅತಿ ಹೆಚ್ಚು ಸತು ಶೇಖರವಾಗೋದು ಇಲ್ಲೇ. ಅದರ ಕೆಲಸಕ್ಕೆ ಆ ಸತು ಬೇಕೇ ಬೇಕು. ಆವರ್ತ ಕೋಷ್ಟಕದಲ್ಲಿ ಸತುವಿನ ಸರಿಯಾಗಿ ಕೆಳಗಿನ ಮನೆಯಲ್ಲಿರೋದು ಕ್ಯಾಡ್ಮಿಯಂ. ರಾಸಾಯನಿಕವಾಗಿ ಎರಡೂ ದಾಯಾದಿಗಳು. ಸತು ಕೂರಬೇಕಾದ ಜಾಗದಲ್ಲಿ ಕ್ಯಾಡ್ಮಿಯಂ ಬಂದು ಕೂತುಬಿಡುತ್ತೆ. ಆಗ ಡಿಎನ್ಎ ರಿಪೇರಿ ಮಾಡುವ ಪ್ರೋಟೀನ್‌ಗಳ ಕೆಲಸ ಕೆಡುತ್ತೆ.

ಎರಡನೆಯದು ಹಾರ್ಮೋನು. ಪ್ರಾಸ್ಟೇಟ್ ಬೆಳೆಯೋದು ಆಂಡ್ರೋಜೆನ್ ಎಂಬ ಪುರುಷ ಹಾರ್ಮೋನುಗಳ ಮಾತು ಕೇಳಿಕೊಂಡು. ಕ್ಯಾಡ್ಮಿಯಂ ಈ ಹಾರ್ಮೋನುಗಳ ವೇಷ ಹಾಕಬಲ್ಲದು ಅಂತ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಇಲಿಗಳಿಗೆ ಕ್ಯಾಡ್ಮಿಯಂ ಚುಚ್ಚಿದಾಗ ಪ್ರಾಸ್ಟೇಟ್ ಗಡ್ಡೆಗಳು ಬಂದಿವೆ. ಮನುಷ್ಯರ ಪ್ರಾಸ್ಟೇಟ್ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಕ್ಯಾಡ್ಮಿಯಂ ಜೊತೆ ಬೆಳೆಸಿದಾಗ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸಿವೆ.

ಮೂರನೆಯದು ಕಾಲ. ದೇಹ ಸೇರಿದ ಕ್ಯಾಡ್ಮಿಯಂ ಅಷ್ಟು ಬೇಗ ಹೊರಗೆ ಹೋಗಲ್ಲ. ಮೂತ್ರಪಿಂಡದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯೋಕೆ 10ರಿಂದ 30 ವರ್ಷ ಹಿಡಿಯುತ್ತೆ. ಇಪ್ಪತ್ತನೇ ವಯಸ್ಸಿನಲ್ಲಿ ಕುಡಿದ ಹೊಗೆ ಐವತ್ತಾದರೂ ಮೈಯಲ್ಲಿ ಬಾಕಿ ಇರುತ್ತೆ.

ಇಷ್ಟೆಲ್ಲ ಇದ್ದಮೇಲೆ ಸಂಬಂಧ ಸ್ಪಷ್ಟ ತಾನೇ ಅನ್ನಿಸಬಹುದು. ಆದರೆ ಇಲಿಯಲ್ಲಿ ಕಂಡದ್ದು, ತಟ್ಟೆಯಲ್ಲಿ ಕಂಡದ್ದು ಕಾರ್ಖಾನೆಯ ಮನುಷ್ಯರಲ್ಲೂ ಕಾಣಬೇಕು. ತೊಡಕು ಶುರುವಾಗೋದೇ ಅಲ್ಲಿ.

1965ರಿಂದ ಈಚೆಗೆ ಸಿಕ್ಕ ಪುರಾವೆ

ಕಥೆ ಶುರುವಾಗೋದು ಇಂಗ್ಲೆಂಡಿನ ಬ್ಯಾಟರಿ ಕಾರ್ಖಾನೆಯಿಂದ. 1965ರಲ್ಲಿ ಪಾಟ್ಸ್ ಎಂಬ ವೈದ್ಯರು, ಕ್ಯಾಡ್ಮಿಯಂ ಆಕ್ಸೈಡ್ ದೂಳಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ದುಡಿದಿದ್ದ 74 ಗಂಡಸರ ವಿವರ ಪ್ರಕಟಿಸಿದರು. ಅವರಲ್ಲಿ 8 ಮಂದಿ ತೀರಿಕೊಂಡಿದ್ದರು. ಐವರು ಕ್ಯಾನ್ಸರ್‌ನಿಂದ, ಆ ಐವರಲ್ಲಿ ಮೂವರು ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ. ಎರಡು ವರ್ಷದ ನಂತರ ಕಿಪ್ಲಿಂಗ್ ಮತ್ತು ವಾಟರ್‌ಹೌಸ್ ಎಂಬ ಸಂಶೋಧಕರು 248 ಕಾರ್ಮಿಕರನ್ನು ನೋಡಿದರು. ಆ ವಯಸ್ಸಿನ ಸಾಮಾನ್ಯ ಗಂಡಸರ ಲೆಕ್ಕದಲ್ಲಿ ಒಂದು ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ನಿರೀಕ್ಷೆ ಇರಲಿಲ್ಲ. ನಿರೀಕ್ಷಿತ ಸಂಖ್ಯೆ 0.58. ಸಿಕ್ಕಿದ್ದು 4.

ಆದರೆ 1983ರಲ್ಲಿ ಸೊರಾಹನ್ ಮತ್ತು ವಾಟರ್‌ಹೌಸ್ 3,025 ಬ್ಯಾಟರಿ ಕಾರ್ಮಿಕರ ದೊಡ್ಡ ಅಧ್ಯಯನ ಹೊರತಂದಾಗ, ಮೊದಲು ಸಿಕ್ಕ ಆ ನಾಲ್ಕು ಪ್ರಕರಣ ಬಿಟ್ಟು ನೋಡಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಳಕ್ಕೆ ಹೊಸ ಪುರಾವೆ ಸಿಗಲಿಲ್ಲ. ಅಲ್ಲಿಂದೀಚೆಗೆ ಬಂದ ಅಧ್ಯಯನಗಳೂ ಎರಡು ದಿಕ್ಕಿಗೆ ಎಳೆಯುತ್ತವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲೂ ಕೆಲವು ಅಪಾಯ ಹೆಚ್ಚು ಅಂದಿವೆ, ಕೆಲವು ಇಲ್ಲ ಅಂದಿವೆ.

ಆರ್ಸೆನಿಕ್ ಕಡೆಯಿಂದ ಬಂದ ಸುಳಿವು ಇನ್ನಷ್ಟು ಗಟ್ಟಿ. ಅದು ಬಂದಿದ್ದು ಕಾರ್ಖಾನೆಯಿಂದಲ್ಲ, ಕುಡಿಯುವ ನೀರಿನಿಂದ. ತೈವಾನಿನ ನೈಋತ್ಯ ಭಾಗದಲ್ಲಿ ಆರ್ಸೆನಿಕ್ ತುಂಬಿದ ಬಾವಿ ನೀರು ಕುಡಿದ ಹಳ್ಳಿಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಾವುಗಳು ಹೆಚ್ಚಿದ್ದವು. ನಲ್ಲಿ ನೀರು ಬಂದ ಮೇಲೆ ಕಾಲಕ್ರಮೇಣ ಇಳಿದವು. ಆದರೂ ಐಎಆರ್‌ಸಿ ಇದನ್ನು ‘ಸೀಮಿತ’ ಅಂತಲೇ ಕರೆದಿದೆ.

‘ಸೀಮಿತ’ ಅಂದರೆ ‘ಇಲ್ಲ’ ಅಂತ ಅರ್ಥ ಅಲ್ಲ. ಸಂಬಂಧ ಕಾಣಿಸುತ್ತಿದೆ, ಆದರೆ ಆಕಸ್ಮಿಕವಾಗಿ ಹಾಗೆ ಕಂಡಿರಬಹುದಾ, ಬೇರೆ ಕಾರಣ ನಡುವೆ ತೂರಿರಬಹುದಾ ಅನ್ನೋ ಅನುಮಾನವನ್ನು ಪೂರ್ತಿ ತಳ್ಳಿಹಾಕೋಕೆ ಆಗುತ್ತಿಲ್ಲ ಅಂತ ಅರ್ಥ. ಪ್ರಾಸ್ಟೇಟ್ ಕ್ಯಾನ್ಸರ್‌ನ ದೊಡ್ಡ, ಖಚಿತ ಕಾರಣಗಳು ವಯಸ್ಸು ಮತ್ತು ಕುಟುಂಬದ ಹಿನ್ನೆಲೆ. ಲೋಹದ ಪಾಲು ಏನಿದ್ದರೂ ಅದರ ಮೇಲೆ ಸೇರುವಂಥದ್ದು. ಹಾಗಾಗಿ ‘ಲೋಹದ ಕೆಲಸ ಮಾಡಿದವರಿಗೆಲ್ಲ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತೆ’ ಅಂತ ವಾಟ್ಸಾಪ್‌ನಲ್ಲಿ ಹರಡೋದು ಎಷ್ಟು ತಪ್ಪೋ, ‘ಏನೂ ಸಂಬಂಧ ಇಲ್ಲ’ ಅಂತ ಕೈತೊಳೆಯೋದೂ ಅಷ್ಟೇ ತಪ್ಪು.

ಸ್ಪಷ್ಟ ಉತ್ತರ ಯಾಕೆ ಸಿಗಲ್ಲ?

ನನ್ನ ಪ್ರಕಾರ ರಾಜಕೀಯ ಇರೋದು ಈ ಪ್ರಶ್ನೆಯಲ್ಲಿ. ಅಸ್ಪಷ್ಟತೆ ಆಕಾಶದಿಂದ ಉದುರಿಲ್ಲ. ಅದಕ್ಕೆ ಕಾರಣಗಳಿವೆ.

ಒಂದು, ಸಂಖ್ಯೆ ಚಿಕ್ಕದು. ಒಂದು ಕಾರ್ಖಾನೆಯಲ್ಲಿ ಕ್ಯಾಡ್ಮಿಯಂ ವಿಭಾಗದಲ್ಲಿ ಕೆಲಸ ಮಾಡೋರು ಕೆಲವೇ ನೂರು ಮಂದಿ. ಅವರಲ್ಲಿ ಕ್ಯಾನ್ಸರ್ ಬಂದವರು ಬೆರಳೆಣಿಕೆ. ಅಷ್ಟರಲ್ಲಿ ಆಕಸ್ಮಿಕ ಯಾವುದು, ಕಾರಣ ಯಾವುದು ಅಂತ ಬೇರ್ಪಡಿಸೋದು ಕಷ್ಟ.

ಎರಡು, ಈ ಕಾಯಿಲೆ ಬಹಳಷ್ಟು ಸಲ ನಿಧಾನದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಬಂದ ಅನೇಕರು ಬೇರೆ ಕಾಯಿಲೆಯಿಂದ ಸಾಯುತ್ತಾರೆ. ಹಳೆಯ ಅಧ್ಯಯನಗಳು ಹೆಚ್ಚಾಗಿ ಮರಣ ಪತ್ರಗಳನ್ನೇ ಎಣಿಸಿದ್ದರಿಂದ ಎಷ್ಟೋ ಪ್ರಕರಣಗಳು ಲೆಕ್ಕಕ್ಕೇ ಬಂದಿರಲಾರವು. ಇದಕ್ಕೆ ವಿರುದ್ಧ ದಿಕ್ಕಿನ ತೊಡಕೂ ಇದೆ. ಕಂಪನಿಯ ತಪಾಸಣೆಯಲ್ಲಿ ಪಿಎಸ್ಎ ರಕ್ತ ಪರೀಕ್ಷೆ ಮಾಡಿಸುವ ಕಡೆ ಹೆಚ್ಚು ಪ್ರಕರಣ ಪತ್ತೆಯಾಗುತ್ತವೆ. ಅಲ್ಲಿ ಕಾಯಿಲೆ ಹೆಚ್ಚೋ, ಹುಡುಕಾಟ ಹೆಚ್ಚೋ ಅಂತ ಹೇಳೋದು ಕಷ್ಟ.

ಮೂರು, ಗಟ್ಟಿಮುಟ್ಟಾದವರೇ ಕಾರ್ಖಾನೆ ಕೆಲಸಕ್ಕೆ ಸೇರೋದು, ಉಳಿಯೋದು. ಸಾಮಾನ್ಯ ಜನರ ಜೊತೆ ಹೋಲಿಸಿದರೆ ಅವರು ಮೊದಲೇ ಆರೋಗ್ಯವಂತರು. ಕೆಲಸ ತಂದ ಹಾನಿ ಆ ಹೋಲಿಕೆಯಲ್ಲಿ ಮುಚ್ಚಿಹೋಗುತ್ತೆ.

ನಾಲ್ಕನೆಯದು ನಮ್ಮ ದೇಶಕ್ಕೆ ಎಲ್ಲಕ್ಕಿಂತ ಮುಖ್ಯ. ಎಣಿಸಬೇಕಾದವರು ಯಾರು ಅನ್ನೋದೇ ಬರೆದಿಟ್ಟಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿ 1982ರಿಂದ ಇದೆ, ದೇಶದ ಮೊದಲ ಸಾಲಿನ ನೋಂದಣಿಗಳಲ್ಲಿ ಒಂದು. ನಗರದ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಕೂಡ ಇದೆ ಅನ್ನೋದು ನಮಗೆ ಗೊತ್ತಿರೋದೇ ಇಂಥ ದಾಖಲೆಯಿಂದ. ಆದರೆ ಕ್ಯಾನ್ಸರ್ ಪಟ್ಟಿ ಒಂದು ಕಡೆ ಇದ್ದರೆ ಸಾಲದು. ಯಾರು ಯಾವ ಲೋಹದ ಜೊತೆ ಎಷ್ಟು ವರ್ಷ ದುಡಿದರು ಅನ್ನೋ ಪಟ್ಟಿ ಇನ್ನೊಂದು ಕಡೆ ಇರಬೇಕು. ಎರಡನ್ನೂ ಜೋಡಿಸಿದಾಗಲೇ ಉತ್ತರ. ಗುತ್ತಿಗೆ ಕಾರ್ಮಿಕ ಎರಡು ವರ್ಷಕ್ಕೊಮ್ಮೆ ಕಾರ್ಖಾನೆ ಬದಲಿಸುತ್ತಾನೆ. ಒಡವೆ ಕೆಲಸದ ಹುಡುಗನಿಗೆ ನೇಮಕಾತಿ ಪತ್ರವೇ ಇರಲ್ಲ, ಕಣ್ಣು ಮಂಜಾದ ಮೇಲೆ ಊರಿಗೆ ಹೋಗುತ್ತಾನೆ. ಅರವತ್ತೈದರಲ್ಲಿ ಆಸ್ಪತ್ರೆಗೆ ಹೋದಾಗ ಚೀಟಿಯಲ್ಲಿ ಉದ್ಯೋಗ ‘ಇಲ್ಲ’ ಅಂತ ಬರೆದರೆ ಮುಗೀತು, ಮೂವತ್ತು ವರ್ಷದ ಹೊಗೆ ಒಂದೇ ಪದದಲ್ಲಿ ಅಳಿಸಿಹೋಯಿತು.

ಎಣಿಸದೇ ಇದ್ದದ್ದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲ ಅಂತ ಕ್ರಮ ಇಲ್ಲ. ಕ್ರಮ ಇಲ್ಲದ್ದರಿಂದ ಮತ್ತೆ ಎಣಿಕೆ ಇಲ್ಲ. ಗಾಣದ ಎತ್ತಿನ ಸುತ್ತು ಅದು.

ಕಾನೂನು ಏನು ಹೇಳುತ್ತೆ?

ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಬಂತು. ಕೆಲಸದ ಜಾಗದ ಗಾಳಿಯಲ್ಲಿ ಯಾವ ವಿಷ ಎಷ್ಟಿರಬಹುದು ಅನ್ನೋ ಪಟ್ಟಿ ಅದರಲ್ಲಿ ಸೇರಿತು. ಕ್ಯಾಡ್ಮಿಯಂ ದೂಳಿಗೆ ಕೊಟ್ಟ ಮಿತಿ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಅಮೆರಿಕ 1992ರಲ್ಲೇ ತನ್ನ ಮಿತಿಯನ್ನು 0.005ಕ್ಕೆ ಇಳಿಸಿತು, ಅಂದರೆ ನಮ್ಮದರ ಹತ್ತನೇ ಒಂದು ಭಾಗ. ಐರೋಪ್ಯ ಒಕ್ಕೂಟ 2019ರಲ್ಲಿ 0.001 ಅಂತ ನಿಗದಿ ಮಾಡಿ, ಅಲ್ಲಿಗೆ ತಲುಪೋಕೆ ಉದ್ಯಮಗಳಿಗೆ ಒಂದಿಷ್ಟು ವರ್ಷ ಕಾಲಾವಕಾಶ ಕೊಟ್ಟಿತು. ಬೆಂಗಳೂರಿನ ಕಾರ್ಮಿಕನ ಶ್ವಾಸಕೋಶ ಬರ್ಲಿನ್ ಕಾರ್ಮಿಕನದಕ್ಕಿಂತ ಐವತ್ತು ಪಟ್ಟು ಗಟ್ಟಿ ಅಂತ ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ.

ಅಮೆರಿಕದ ಆ 1992ರ ನಿಯಮದಲ್ಲಿ ಇನ್ನೊಂದು ಸಾಲಿದೆ. ಕ್ಯಾಡ್ಮಿಯಂ ಕೆಲಸದಲ್ಲಿರುವ, 40 ದಾಟಿದ ಗಂಡಸರ ವೈದ್ಯಕೀಯ ತಪಾಸಣೆಯಲ್ಲಿ ಪ್ರಾಸ್ಟೇಟ್ ಪರೀಕ್ಷೆಯೂ ಇರಬೇಕು ಅನ್ನುತ್ತೆ ಅದು. ಪುರಾವೆ ಆಗಲೂ ಗೊಂದಲದಲ್ಲೇ ಇತ್ತು, 1983ರ ಅಧ್ಯಯನ ಕಣ್ಣೆದುರೇ ಇತ್ತು. ಆದರೂ ಸಂಶಯದ ಲಾಭವನ್ನು ಕಾರ್ಮಿಕನಿಗೆ ಕೊಟ್ಟರು. ನಾನು ಹೇಳಬೇಕೆಂದಿರೋದರ ತಿರುಳು ಇದೇ.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. ಕಾರ್ಖಾನೆಗಳ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ‘ಔದ್ಯೋಗಿಕ ಕ್ಯಾನ್ಸರ್’ ಇದೆ. ವೈದ್ಯರು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ‘ಕ್ಯಾಡ್ಮಿಯಂ ಅಥವಾ ಅದರ ವಿಷಕಾರಿ ಸಂಯುಕ್ತಗಳಿಂದ ಬರುವ ರೋಗಗಳು’ ಇವೆ. ಆರು ತಿಂಗಳು ಸತತವಾಗಿ ಅಂಥ ಕೆಲಸ ಮಾಡಿದ್ದರೆ, ರೋಗ ಕೆಲಸದಿಂದಲೇ ಬಂತು ಅಂತ ಕಾನೂನು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡಬೇಕಾದ್ದು ಮಾಲೀಕ. ಈ ಎರಡೂ ಪಟ್ಟಿಗಳು 2020ರ ಕಾರ್ಮಿಕ ಸಂಹಿತೆಗಳಿಗೂ ದಾಟಿ ಬಂದಿವೆ. ಕಾಗದದ ಮೇಲೆ ಇದು ದೊಡ್ಡ ಹಕ್ಕು. ಆದರೆ ಆ ಹಕ್ಕು ಚಲಾಯಿಸೋಕೆ ‘ನಾನು ಅಲ್ಲಿ ದುಡಿದೆ’ ಅನ್ನೋದಕ್ಕೆ ಒಂದು ಚೂರು ಕಾಗದ ಬೇಕು. ಜೊತೆಗೆ, ಆ ರೋಗ ಕ್ಯಾಡ್ಮಿಯಂನಿಂದ ಬರುವಂಥದ್ದು ಅಂತ ಒಪ್ಪಿಸಬೇಕು. ಪ್ರಾಸ್ಟೇಟ್ ಮುಗ್ಗರಿಸೋದು ಈ ಎರಡನೇ ಮೆಟ್ಟಿಲಲ್ಲಿ.

2025ರ ನವೆಂಬರ್‌ನಲ್ಲಿ ಜಾರಿಗೆ ತಂದ ಔದ್ಯೋಗಿಕ ಸುರಕ್ಷತೆ ಸಂಹಿತೆ ಇನ್ನೊಂದು ಬದಲಾವಣೆ ಮಾಡಿದೆ. ವಿದ್ಯುತ್ ಬಳಸುವ ಜಾಗದಲ್ಲಿ 10 ಕಾರ್ಮಿಕರಿದ್ದರೆ ‘ಕಾರ್ಖಾನೆ’ ಅನ್ನಿಸಿಕೊಳ್ಳುತ್ತಿತ್ತು. ಈಗ 20 ಬೇಕು. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅಂತ ಸರ್ಕಾರ ಹೇಳಿಕೊಳ್ಳುತ್ತಿದೆ, ಒಳ್ಳೆಯದೇ. ಆದರೆ ಸಕ್ಕರೆ, ಬಿಪಿ ನೋಡಿ ಕಳಿಸುವ ತಪಾಸಣೆಯಲ್ಲಿ ಕ್ಯಾಡ್ಮಿಯಂ ಸಿಕ್ಕಿಬೀಳಲ್ಲ. ಮತ್ತೆ ಆರೇಳು ಜನ ಕೂತು ಬೆಸುಗೆ ಹಾಕುವ ಕೋಣೆ ಹಳೇ ಕಾಯ್ದೆಯಲ್ಲೂ ಸಾಮಾನ್ಯವಾಗಿ ‘ಕಾರ್ಖಾನೆ’ ಆಗಿರಲಿಲ್ಲ, ಈಗಲೂ ಅಲ್ಲ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಿ. ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಕ್ಯಾಡ್ಮಿಯಂ ಶೇ 0.01ಕ್ಕಿಂತ ಹೆಚ್ಚಿರಬಾರದು ಅಂತ ನಮ್ಮ ಇ-ತ್ಯಾಜ್ಯ ನಿಯಮಗಳು ಹೇಳುತ್ತವೆ. ಅದು ಯುರೋಪಿನದ್ದೇ ಮಿತಿ. ಹಾಲ್‌ಮಾರ್ಕ್ ಒಡವೆಯ ಮಾನದಂಡದಲ್ಲೂ ಕ್ಯಾಡ್ಮಿಯಂ ಬೆಸುಗೆಗೆ ಜಾಗ ಇಲ್ಲ. ಅಂದರೆ ಸರಕಿಗೆ ಹಾಕುವ ಮಿತಿ ಜಗತ್ತಿನ ಮಟ್ಟಕ್ಕೆ ಬಂದಿದೆ. ಆ ಸರಕು ಮಾಡುವವನು ಉಸಿರಾಡುವ ಗಾಳಿಗೆ ಬಂದಿಲ್ಲ.

ಈಗಲೇ ಏನು ಮಾಡಬಹುದು?

ಮೊದಲು ಕೆಲಸದಲ್ಲಿರುವವರಿಗೆ, ಅಥವಾ ನಿಮ್ಮ ಅಪ್ಪ, ಮಾವ, ಅಣ್ಣ ಅಂಥ ಕೆಲಸದಲ್ಲಿದ್ದರೆ ನಿಮಗೆ.

ರಕ್ತದ ಕ್ಯಾಡ್ಮಿಯಂ ಇತ್ತೀಚಿನ ಸೇವನೆ ಹೇಳುತ್ತೆ, ಮೂತ್ರದ ಕ್ಯಾಡ್ಮಿಯಂ ವರ್ಷಗಟ್ಟಲೆ ಶೇಖರವಾದದ್ದನ್ನು. ಎರಡೂ ಪರೀಕ್ಷೆಗಳು ಇವೆ. ಒಮ್ಮೆ ಒಳಗೆ ಸೇರಿದ ಕ್ಯಾಡ್ಮಿಯಂ ತೆಗೆಯೋಕೆ ಭರವಸೆಯ ಔಷಧಿ ಇಲ್ಲ, ಹಾಗಾಗಿ ತಡೆಯೋದೇ ಮದ್ದು. ಹೊಗೆಯನ್ನು ಹುಟ್ಟುವಲ್ಲೇ ಹೀರಿಕೊಳ್ಳುವ ಫ್ಯಾನ್ ಬೇಕು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಲೋಹದ ಆವಿ ನಿಲ್ಲಲ್ಲ. ಕೆಲಸದ ಜಾಗದಲ್ಲಿ ಊಟ ಬೇಡ, ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗು ಎತ್ತಿಕೊಳ್ಳೋದು ಬೇಡ. ಬೀಡಿ, ಸಿಗರೇಟು ಬಿಡಬೇಕು. ತಂಬಾಕು ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿಕೊಳ್ಳುತ್ತೆ, ಸೇದುವವರ ಮೈಯಲ್ಲಿ ಅದು ಮೊದಲೇ ಹೆಚ್ಚಿರುತ್ತೆ.

ರಾತ್ರಿ ಪದೇ ಪದೇ ಎದ್ದು ಮೂತ್ರಕ್ಕೆ ಹೋಗೋದು, ಧಾರೆ ಸಣ್ಣಗಾಗೋದು, ರಕ್ತ ಕಾಣೋದು ಇದ್ದರೆ ವೈದ್ಯರ ಹತ್ತಿರ ಹೋಗಬೇಕು. ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರಲ್ಲ, ವಯಸ್ಸಿನ ಜೊತೆ ಗ್ರಂಥಿ ಊದಿಕೊಂಡಿರುತ್ತೆ. ಕ್ಯಾನ್ಸರ್ ಆದರೂ ಆರಂಭದಲ್ಲಿ ಲಕ್ಷಣವೇ ಇರದಿರಬಹುದು. ನಮ್ಮ ಗಂಡಸರು ಈ ಮಾತನ್ನು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಳ್ಳುತ್ತಾರೆ. 50ರ ನಂತರ, ಮನೆತನದಲ್ಲಿ ಯಾರಿಗಾದರೂ ಇದ್ದರೆ ಇನ್ನೂ ಮೊದಲೇ, ಪಿಎಸ್ಎ ಪರೀಕ್ಷೆ ಬೇಕಾ ಅಂತ ವೈದ್ಯರ ಜೊತೆ ಮಾತಾಡಿ. ಆಗ ‘ನಾನು ಇಂಥ ಲೋಹದ ಕೆಲಸ ಇಷ್ಟು ವರ್ಷ ಮಾಡಿದ್ದೀನಿ’ ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ಇಎಸ್ಐ ಕಾರ್ಡು, ಸಂಬಳದ ಚೀಟಿ, ಹಾಜರಾತಿ ಫೋಟೊ, ಯಾವುದನ್ನೂ ಎಸೆಯಬೇಡಿ.

ಇನ್ನು ಸರ್ಕಾರಕ್ಕೆ ಕೇಳಬೇಕಾದದ್ದು. ಹೊಸ ಸಂಹಿತೆಯಲ್ಲಿ ಗಾಳಿಯ ವಿಷದ ಮಿತಿಗಳನ್ನು ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರದ ನಿಯಮಗಳಿಗೆ ಬಿಟ್ಟಿದೆ. ಹಾಗಾಗಿ ದೆಹಲಿಯ ಕಡೆ ಬೆರಳು ತೋರಿಸೋ ಅಗತ್ಯ ಇಲ್ಲ, ಪ್ರಶ್ನೆ ವಿಧಾನಸೌಧಕ್ಕೇ. 0.05 ಅನ್ನೋ ಸಂಖ್ಯೆಯನ್ನು ಕರ್ನಾಟಕ ಇಳಿಸುತ್ತಾ? ಕ್ಯಾಡ್ಮಿಯಂ ಕೆಲಸದವರ ತಪಾಸಣೆಯಲ್ಲಿ ಮೂತ್ರದ ಕ್ಯಾಡ್ಮಿಯಂ ಕಡ್ಡಾಯ ಮಾಡುತ್ತಾ? ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ ಕಳೆದ ಹತ್ತು ವರ್ಷದಲ್ಲಿ ಎಷ್ಟು ಔದ್ಯೋಗಿಕ ಕ್ಯಾನ್ಸರ್ ವರದಿಯಾಗಿದೆ ಅಂತ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕೋಕೆ ಹತ್ತು ರೂಪಾಯಿ ಸಾಕು. ಕಿದ್ವಾಯಿಯ ನೋಂದಣಿ ಮತ್ತು ದೇವನಹಳ್ಳಿ ಬಳಿ ಇರುವ ಐಸಿಎಂಆರ್‌ನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ಇರೋದು ಇದೇ ಊರಿನ ಆಸುಪಾಸಿನಲ್ಲಿ. ಎರಡನ್ನೂ ಒಂದೇ ಮೇಜಿಗೆ ಕೂರಿಸೋದು ಅಸಾಧ್ಯದ ಕೆಲಸ ಅಲ್ಲ.

ಎಣಿಸಿದರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 1990ರ ದಶಕದ ಕೊನೆಯಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜೊತೆಗಾರರು ಹಲವು ನಗರಗಳಲ್ಲಿ ಸಾವಿರಾರು ಜನರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಅಳೆದು ಮುಂದಿಟ್ಟರು. 2000ನೇ ಇಸವಿಯಲ್ಲಿ ದೇಶ ಸೀಸದ ಪೆಟ್ರೋಲ್ ಕೈಬಿಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅಳತೆ ಇಲ್ಲದೆ ಆ ವಾದಕ್ಕೆ ಬಲವೇ ಬರುತ್ತಿರಲಿಲ್ಲ.

ಪ್ರಾಸ್ಟೇಟ್ ವಿಷಯ ಇತ್ಯರ್ಥ ಆಗಲಿ, ಆಮೇಲೆ ನೋಡೋಣ ಅನ್ನೋರಿಗೆ ಒಂದೇ ಮಾತು. ಕ್ಯಾಡ್ಮಿಯಂ ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತೆ ಅನ್ನೋದು ಇತ್ಯರ್ಥ ಆಗಿ ಮೂವತ್ತು ವರ್ಷ ದಾಟಿದೆ. ಅದು ಮೂತ್ರಪಿಂಡ ಕೆಡಿಸುತ್ತೆ, ಮೂಳೆ ಮುರಿಯುತ್ತೆ ಅನ್ನೋದನ್ನ ಜಪಾನ್ ತನ್ನ ಜಿಂಜೂ ನದಿ ದಡದ ಹೆಂಗಸರ ನರಳಾಟ ಕಂಡು 1968ರಲ್ಲೇ ಅಧಿಕೃತವಾಗಿ ಒಪ್ಪಿಕೊಂಡಿತು. ಹೊಗೆ ನಿಲ್ಲಿಸೋಕೆ ಇಷ್ಟು ಸಾಲದಾ? ಪ್ರಾಸ್ಟೇಟ್ ಬಗ್ಗೆ ಉಳಿದಿರುವ ಸಂಶಯ ವಿಜ್ಞಾನಿಗಳದ್ದು, ಅವರು ಬಗೆಹರಿಸಿಕೊಳ್ಳಲಿ. ಅಲ್ಲಿಯವರೆಗೆ ಅದರ ಲಾಭ ಊದುಕೊಳವೆ ಹಿಡಿದವನಿಗೆ ಸಲ್ಲಬೇಕು, ಆ ಕೋಣೆಗೆ ಫ್ಯಾನ್ ಹಾಕಿಸದವನಿಗಲ್ಲ.